ಮಲಪ್ರಭೆಯ ದಂಡೆಯಲ್ಲಿ ಹೊಸದಾಗಿ ಗಾಳ ಹಿಡಿದವರಿಗೆ

ರೋಣ, ನರಗುಂದ, ಗಜೇಂದ್ರಗಡದ ಸೀಮೆಯಲ್ಲಿ ಗಾಳದ ಹವ್ಯಾಸ ಹೊಸದಾಗಿ ಹತ್ತಿಸಿಕೊಂಡವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಕೋಲಿನ ಬಗ್ಗೆ, ಆಮೇಲೆ ರೀಲಿನ ಬಗ್ಗೆ. ನೀರಿನ ಬಗ್ಗೆ ವಿಚಾರಿಸುವವರು ಕಡಿಮೆ. ಇವತ್ತಿನ ನನ್ನ ಮಾತೆಲ್ಲ ಈ ಕ್ರಮವನ್ನು ತಿರುವಿ ಹಾಕುವುದಕ್ಕಾಗಿ. ನಮ್ಮ ಈ ಮೂರು ತಾಲೂಕುಗಳಲ್ಲಿ ಮೀನು ಸಿಕ್ಕೀತೇ ಇಲ್ಲವೇ ಎಂಬುದು ನೀರು ಎಲ್ಲಿಂದ ಬಂತು, ಯಾವ ಮಳೆಗೆ ಬಂತು, ಬಂದು ಎಷ್ಟು ದಿನವಾಯಿತು ಎಂಬುದನ್ನು ಅವಲಂಬಿಸಿದೆ. ಅದನ್ನು ಬಲ್ಲವನು ಬಿದಿರಿನ ಕೋಲಿನಲ್ಲಿಯೂ ಹಿಡಿದಾನು. ಯಾವಾಗ ಗಾಳ ಹಾಕಬಾರದು ಎಂಬುದನ್ನು ಹೇಳಿಕೊಡುವುದೂ ಅದೇ ತಿಳಿವಳಿಕೆ. ಹಿಡಿಯುವ ಜಾಣ್ಮೆ, ಬಿಡುವ ವಿವೇಕ ಎರಡಕ್ಕೂ ಬೇರು ಒಂದೇ ಎಂದು ತೋರಿಸುವುದು ನನ್ನ ಉದ್ದೇಶ.

ಬಯಲುಸೀಮೆಯಲ್ಲಿ ಎಂಥ ಮೀನು, ಎಂಥ ಗಾಳ ಎಂದು ಹಲವರು ಕೇಳಿಯಾರು. ವರ್ಷಕ್ಕೆ ಆರುನೂರು ಮಿಲಿಮೀಟರಿನ ಆಸುಪಾಸು ಮಳೆ, ಬೇಸಿಗೆಯಲ್ಲಿ ಬಾಯಿಬಿಡುವ ಎರೆಹೊಲ, ಕುಡಿಯುವ ನೀರಿಗೇ ಪರದಾಡಿದ ಊರುಗಳು. ಸಂಶಯ ಸಹಜವೇ. ಆದರೆ ನರಗುಂದ ಮತ್ತು ರೋಣ ತಾಲೂಕುಗಳ ಉತ್ತರದ ಅಂಚಿಗೆ ಹರಿಯುವ ಮಲಪ್ರಭೆ ನಮ್ಮ ಮಳೆಯನ್ನು ನಂಬಿಕೊಂಡ ಹೊಳೆಯಲ್ಲ. ಅದು ಹುಟ್ಟುವುದು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ, ವರ್ಷಕ್ಕೆ ಮೂರು ಸಾವಿರ ಮಿಲಿಮೀಟರನ್ನೂ ಮೀರಿ ಮಳೆ ಸುರಿಯುವ ಘಟ್ಟದಲ್ಲಿ. ಸುಮಾರು ಮುನ್ನೂರು ಕಿಲೋಮೀಟರ್ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಈ ಹೊಳೆ ನಡುದಾರಿಯಲ್ಲಿ ಕೊಣ್ಣೂರು, ಲಖಮಾಪುರ, ಹೊಳೆಆಲೂರು, ಮೆಣಸಗಿಗಳ ಬದಿಯಲ್ಲಿ ಹಾಯುತ್ತದೆ. ನಮ್ಮ ಹೊಲಗಳಲ್ಲಿ ಆರಿದ್ರಾ ಮಳೆಗಾಗಿ ಮುಗಿಲು ನೋಡುತ್ತಿರುವ ಹೊತ್ತಿಗೆ ಹೊಳೆಗೆ ಘಟ್ಟದ ಕೆಂಪು ನೀರು ಬಂದಿರಬಹುದು. ನಮ್ಮ ಕೆರೆಗಳ ಕಥೆ ಬೇರೆ. ಈ ಭಾಗಕ್ಕೆ ದೊಡ್ಡ ಮಳೆ ಬರುವುದು ಉತ್ತರಿ, ಹಸ್ತ, ಚಿತ್ತಿಯಲ್ಲಿ, ಅಂದರೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್‌ವರೆಗೆ. ನರೇಗಲ್ಲಿನ ಕೆರೆಯಾಗಲಿ, ಗಜೇಂದ್ರಗಡದ ಗುಡ್ಡಗಳ ಬುಡದ ಸಣ್ಣ ಕೆರೆಗಳಾಗಲಿ ತುಂಬುವ ಕಾಲ ಅದು. ಮಲಪ್ರಭೆಯ ಬಲದಂಡೆ ಕಾಲುವೆಗೆ ಮುಗಿಲಿನ ಲೆಕ್ಕವೇ ಇಲ್ಲ, ಅಣೆಕಟ್ಟಿನಲ್ಲಿ ಬಾಗಿಲು ಎತ್ತಿದಾಗ ಅಲ್ಲಿ ನೀರು. ಹೀಗೆ ಹತ್ತಿಪ್ಪತ್ತು ಮೈಲಿಯ ಒಳಗೆ ಮೂರು ಬೇರೆ ಬೇರೆ ಪಂಚಾಂಗದ ನೀರು ನಮಗಿದೆ. ಒಂದರ ತಿಥಿಯಲ್ಲಿ ಇನ್ನೊಂದಕ್ಕೆ ಹೋದವನು ಬರಿಗೈಯಲ್ಲಿ ಬರುತ್ತಾನೆ.

ಹೊಳೆಯನ್ನೇ ಮೊದಲು ತೆಗೆದುಕೊಳ್ಳೋಣ. ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಕಟ್ಟಿದ ರೇಣುಕಾಸಾಗರಕ್ಕೆ 37.73 ಟಿಎಂಸಿ ನೀರು ಹಿಡಿಯುವ ಶಕ್ತಿಯಿದೆ. ಪೂರ್ತಿ ತುಂಬದ ವರ್ಷಗಳು ಅದಕ್ಕೆ ಬಹಳ. ಹೀಗಾಗಿ ಕೆಳಗಿನ ಹೊಳೆ ಎರಡು ಸ್ಥಿತಿಯಲ್ಲಿರುತ್ತದೆ. ನೀರು ಬಿಟ್ಟಾಗ ತುಂಬಿ ಹರಿಯುತ್ತದೆ, ಬಿಡದಿದ್ದಾಗ ಮಡುಗಳ ಸರಪಳಿಯಾಗಿ ನಿಂತುಬಿಡುತ್ತದೆ. ಬೆಣ್ಣೆಹಳ್ಳದ ಸ್ವಭಾವವೇ ಇನ್ನೊಂದು. ಅದರ ಮೇಲೆ ಅಂಥ ದೊಡ್ಡ ಅಣೆಕಟ್ಟಿನ ಹಿಡಿತವಿಲ್ಲ. ನವಲಗುಂದದ ಎರೆಬಯಲಿನ ಮೇಲೆ ಒಂದು ಜಡಿಮಳೆ ಬಿದ್ದರೆ ಕೆಲವೇ ತಾಸಿನಲ್ಲಿ ಉಕ್ಕಿ ಬಂದು, ಮೆಣಸಗಿಯ ಹತ್ತಿರ ಮಲಪ್ರಭೆಗೆ ಕರಿ ಕೆಸರನ್ನು ತಂದು ಸುರಿಯುತ್ತದೆ. ಎರೆಮಣ್ಣಿನ ಕಣ ಬಹಳ ಸಣ್ಣದು, ಬೇಗ ತಳಕ್ಕಿಳಿಯುವುದಿಲ್ಲ. ಮಸಾರಿ ಸೀಮೆಯ ಕೆರೆ ತಿಳಿಯಾದ ಮೇಲೂ ಎರೆಹೊಲದ ಹಳ್ಳ ಎಷ್ಟೋ ದಿನ ಬಗ್ಗಡವಾಗಿಯೇ ಇರುತ್ತದೆ. ಅಂಥ ನೀರಿನಲ್ಲಿ ಕಣ್ಣಿನಿಂದ ಬೇಟೆಯಾಡುವ ಮೀನಿಗೆ ಗಾಳದ ಎರೆ ಕಾಣುವುದೇ ಇಲ್ಲ. ಮಿರುಗುವ ತಗಡಿನ ಮೀನು, ಬಣ್ಣದ ಪ್ಲಾಸ್ಟಿಕ್ ಕಪ್ಪೆ ಇವೆಲ್ಲ ಆಗ ದುಡ್ಡು ದಂಡ. ಮೀಸೆಯುಳ್ಳ ಮೀನುಗಳಿಗೆ, ಎಂದರೆ ಬಾಳೆ ಮೀನು, ಗೊದ್ಲೆ, ಚೇಳು ಮೀನುಗಳಿಗೆ ಕಣ್ಣಿಗಿಂತ ಮೀಸೆಯ ರುಚಿ, ಮೂಗಿನ ವಾಸನೆ ದೊಡ್ಡದು. ಬಗ್ಗಡದ ನೀರಿಗೆ ಎರೆಹುಳು ಸರಿ, ತಿಳಿನೀರಿಗೆ ಬೇರೆ ಉಪಾಯ. ಎಲ್ಲಿ ಕೂರಬೇಕು ಎಂಬುದಕ್ಕೂ ಹೊಳೆ ತಾನೇ ಗುರುತು ಕೊಡುತ್ತದೆ. ತಿರುವಿನ ಹೊರದಂಡೆಯನ್ನು ಪ್ರವಾಹ ಕೊರೆಯುವುದರಿಂದ ಆಳ ಅಲ್ಲಿರುತ್ತದೆ, ಒಳದಂಡೆಯಲ್ಲಿ ಮರಳು ಕೂಡಿ ನೀರು ಮೊಣಕಾಲುದ್ದವಾಗುತ್ತದೆ. ಹಳ್ಳದ ಬಗ್ಗಡವೂ ಹೊಳೆಯ ತಿಳಿಯೂ ಕೂಡುವಲ್ಲಿ ನೀರಿನ ಮೇಲೆ ಒಂದು ಗೆರೆ ಕಾಣುತ್ತದೆ. ಕೆಸರಿನ ಜೊತೆ ಬಂದ ಹುಳು ಹುಪ್ಪಟೆಗಾಗಿ ಮೀನು ಆ ಗೆರೆಯ ತಿಳಿಬದಿಯಲ್ಲಿ ಕಾಯುತ್ತದೆ.

ಇಲ್ಲೇ ಒಂದು ಎಚ್ಚರ ಹೇಳಿಬಿಡುತ್ತೇನೆ. 2009ರಲ್ಲಿ ಮತ್ತು 2019ರ ಆಗಸ್ಟ್‌ನಲ್ಲಿ ಈ ಹೊಳೆ ಉಕ್ಕಿ ಮಾಡಿದ್ದನ್ನು ದಂಡೆಯ ಊರುಗಳು ಮರೆತಿಲ್ಲ. ಮೇಲೆ ನೀರು ಬಿಟ್ಟ ಸುದ್ದಿ ಬಂದ ದಿನ ಮಡುವಿನ ನಡುಬಂಡೆಯ ಮೇಲೆ ಕೂರಬಾರದು. ಇಲ್ಲಿ ಬಿಸಿಲಿದ್ದರೂ ಘಟ್ಟದಲ್ಲಿ ಮಳೆಯಿರಬಹುದು ಎಂಬುದು ತಲೆಯಲ್ಲಿರಬೇಕು. ಕಾಲುವೆಯ ಸಿಮೆಂಟಿನ ಇಳಿಜಾರು, ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡ ಎರಡರಲ್ಲಿಯೂ ಜಾರಿದವನಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಈಜು ಬಲ್ಲವರೂ ಅಲ್ಲಿ ಸೋಲುತ್ತಾರೆ. ಅವನ್ನು ಬಿಟ್ಟೇಬಿಡಿ.

ಇನ್ನು ಕೆರೆ. ಕೆರೆಯ ಮೀನು ಯಾರದು ಎಂಬ ಪ್ರಶ್ನೆಗೆ ಉತ್ತರ ಆ ಮೀನಿನ ಹುಟ್ಟಿನಲ್ಲಿಯೇ ಇದೆ. ಕಾಟ್ಲಾ, ರೋಹು, ಮೃಗಾಲ್ ನಿಂತ ನೀರಿನಲ್ಲಿ ಮೊಟ್ಟೆಯಿಡುವುದಿಲ್ಲ, ಅವಕ್ಕೆ ಹರಿಯುವ ಹೊಸನೀರು ಬೇಕು. 1957ರಲ್ಲಿ ಹೀರಾಲಾಲ್ ಚೌಧುರಿಯವರು ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಈ ಗೆಂಡೆಗಳಿಂದ ಮೊಟ್ಟೆಯಿಡಿಸುವ ಉಪಾಯ ಕಂಡುಹಿಡಿದ ಮೇಲೆಯೇ ದೇಶದ ಕೆರೆಗಳಿಗೆ ಮರಿ ಬಿಡುವುದು ಸುಲಭವಾದದ್ದು. ಅದು ಕೈಗೂಡಿದ ಜುಲೈ 10ನ್ನು ಇಂದಿಗೂ ರಾಷ್ಟ್ರೀಯ ಮೀನು ಕೃಷಿಕರ ದಿನವಾಗಿ ಆಚರಿಸುತ್ತಾರೆ. ಹೀಗಾಗಿ ನಮ್ಮ ಕೆರೆಯಲ್ಲಿ ಕಾಟ್ಲಾ ಮೇಲೆದ್ದು ಬಾಯಿ ತೆರೆದರೆ ಅದನ್ನು ಯಾರೋ ದುಡ್ಡು ಕೊಟ್ಟು ತಂದು ಬಿಟ್ಟಿದ್ದಾರೆ ಎಂದೇ ತಿಳಿಯಬೇಕು. ಬಿಟ್ಟವರು ಬಹುಮಟ್ಟಿಗೆ ಕೆರೆಯನ್ನು ಗುತ್ತಿಗೆ ಹಿಡಿದ ಮೀನುಗಾರರ ಸಹಕಾರ ಸಂಘದವರೋ ಖಾಸಗಿ ಗುತ್ತಿಗೆದಾರರೋ ಆಗಿರುತ್ತಾರೆ. ಕೆರೆ ಊರಿನದು, ನಾವು ಊರಿನವರು, ಒಂದು ಗಾಳಕ್ಕೆ ಯಾರ ಅಪ್ಪಣೆ ಎಂಬ ವಾದ ಕೇಳಿಬರುತ್ತದೆ. ನೀರು ಊರಿನದು, ನಿಜ. ಮೀನು ಬಿತ್ತಿ ಬೆಳೆದ ಬೆಳೆ. ಊರ ದಾರಿಗೆ ಹತ್ತಿದ ಹೊಲವೆಂದು ಯಾರೂ ಹೆಸರುಕಾಯಿ ಕಿತ್ತುಕೊಂಡು ಹೋಗುವುದಿಲ್ಲವಷ್ಟೆ. ತಾಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಅಥವಾ ಗ್ರಾಮ ಪಂಚಾಯಿತಿಯಲ್ಲಿ ಯಾವ ಕೆರೆ ಯಾರ ಗುತ್ತಿಗೆಯಲ್ಲಿದೆ ಎಂದು ಕೇಳಿ, ಅವರ ಒಪ್ಪಿಗೆ ಪಡೆದು ಕೂರುವುದು ನ್ಯಾಯ. ಒಳನಾಡು ಮೀನುಗಾರಿಕೆಯ ಬಗ್ಗೆ ರಾಜ್ಯ 1996ರಲ್ಲಿ ಮಾಡಿದ ಕಾಯ್ದೆಯೂ ಇದೆ. ಅದಕ್ಕೂ ಒಂದು ಶತಮಾನ ಹಿಂದೆ, 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯೇ ನೀರಿನಲ್ಲಿ ಮದ್ದು ಸಿಡಿಸುವುದನ್ನೂ ವಿಷ ಬೆರೆಸುವುದನ್ನೂ ಅಪರಾಧವೆಂದಿತ್ತು. ಕಾಲಕಾಲೇಶ್ವರದಂಥ ಕ್ಷೇತ್ರದ ನೀರು, ಸೂಡಿಯ ನಾಗಕುಂಡದಂಥ ಹಳೆಯ ಹೊಂಡ, ಇವುಗಳ ಹತ್ತಿರ ಗಾಳದ ಮಾತೇ ಬೇಡ.

ಒಪ್ಪಿಗೆ ಸಿಕ್ಕಿತು ಎನ್ನೋಣ. ಕೆರೆಯ ಯಾವ ದಂಡೆ? ಗಜೇಂದ್ರಗಡದ ಗುಡ್ಡದ ಮೇಲಿನ ಗಾಳಿಗಿರಣಿಗಳನ್ನು ಕಂಡವರಿಗೆ ಈ ಸೀಮೆಯ ಗಾಳಿಯನ್ನು ಪರಿಚಯಿಸಬೇಕಾಗಿಲ್ಲ. ಗಾಳಿ ನೀರಿನ ಮೇಲ್ಪದರವನ್ನು ತಳ್ಳುತ್ತದೆ. ಅದರೊಡನೆ ಕಣ್ಣಿಗೆ ಕಾಣದ ಜಲಜೀವಿಗಳು, ಬಿದ್ದ ಹುಳು, ಹುಲ್ಲುಬೀಜ ಎಲ್ಲವೂ ಎದುರು ದಂಡೆಗೆ ಸೇರುತ್ತವೆ. ಅಲೆ ಬಡಿಯುವುದರಿಂದ ಅಲ್ಲಿಯ ನೀರಿಗೆ ಪ್ರಾಣವಾಯುವೂ ಹೆಚ್ಚು ಬೆರೆಯುತ್ತದೆ. ಹೊಸಬರು ಮುಖಕ್ಕೆ ಗಾಳಿ ಬಡಿಯದ, ನೀರು ಕನ್ನಡಿಯಂತಿರುವ ನೆರಳಿನ ದಂಡೆಯನ್ನು ಹುಡುಕುತ್ತಾರೆ, ಮೀನಾದರೋ ಅವರ ಎದುರು ದಂಡೆಯಲ್ಲಿ ಮೇಯುತ್ತಿರುತ್ತದೆ. ಚಳಿಗಾಲದಲ್ಲಿ ಇಲ್ಲಿ ಮೂಡಗಾಳಿ, ಆದ್ದರಿಂದ ಪಡುವಣ ದಂಡೆಯನ್ನು ಮೊದಲು ನೋಡಬೇಕು. ಆಮೇಲೆ ಆಳ. ಕಾಟ್ಲಾದ ಬಾಯಿ ಮೇಲ್ಮುಖವಾದದ್ದು, ಅದು ಮೇಲ್ಪದರದಲ್ಲಿ ತಿನ್ನುತ್ತದೆ. ರೋಹು ನಡುನೀರಿನದು. ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದ ಕೆಸರನ್ನು ಕೆದಕುವವು. ಗಾಳಕ್ಕೂ ಬೆಂಡಿಗೂ ನಡುವಿನ ದಾರವನ್ನು ಒಂದು ಮೊಳ ಹೆಚ್ಚು ಕಡಿಮೆ ಮಾಡಿದರೆ ಹಿಡಿಯುವ ಮೀನೇ ಬದಲಾಗುತ್ತದೆ.

ಬೆಳಗಿನ ಜಾವವೇ ಗಾಳಕ್ಕೆ ಶ್ರೇಷ್ಠ ಎಂಬ ಮಾತನ್ನೂ ಇಲ್ಲಿ ಪರೀಕ್ಷಿಸಬೇಕು. ಅಕ್ಟೋಬರ್‌ನಲ್ಲಿ, ಮತ್ತೆ ಫೆಬ್ರವರಿ ಮಾರ್ಚ್‌ನಲ್ಲಿ ಅದು ಸರಿ. ಡಿಸೆಂಬರ್ ಜನವರಿಯ ಇಬ್ಬನಿಯಲ್ಲಿ ನೀರು ತಣ್ಣಗಾದಾಗ ಗೆಂಡೆಯ ಜಾತಿಯ ಮೀನಿಗೆ ಹಸಿವು ಕುಗ್ಗುತ್ತದೆ. ಮೀನಿನ ಮೈಬಿಸಿ ನೀರಿನದೇ ಆದ್ದರಿಂದ ಜೀರ್ಣಶಕ್ತಿಯೂ ನೀರನ್ನೇ ಅನುಸರಿಸುತ್ತದೆ. ಆಗ ಬಿಸಿಲೇರಿದ ಮೇಲೆ, ಹನ್ನೊಂದರಿಂದ ಮೂರು ಗಂಟೆಯವರೆಗೆ, ತೆಳುನೀರಿನ ಅಂಚಿನಲ್ಲಿ ಮೀನು ಮೇಯಲು ಬರುತ್ತದೆ. ಕಡುಬೇಸಿಗೆಯ ಲೆಕ್ಕ ಮತ್ತೆ ಬೇರೆ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಪ್ರಾಣವಾಯು ಹಿಡಿದುಕೊಂಡರೆ 30 ಡಿಗ್ರಿಯ ನೀರು ಏಳೂವರೆಯಷ್ಟೇ ಹಿಡಿಯುತ್ತದೆ. ಪಾಚಿಗಟ್ಟಿದ ಕೆರೆಯಲ್ಲಿ ರಾತ್ರಿಯೆಲ್ಲ ಪಾಚಿಯೂ ಉಸಿರಾಡಿ, ನಸುಕಿಗೆ ಆ ಪ್ರಾಣವಾಯುವೂ ತಳಮುಟ್ಟಿರುತ್ತದೆ. ಮೇ ತಿಂಗಳ ನಸುಕಿನಲ್ಲಿ ಮೀನುಗಳು ಸಾಲಾಗಿ ಮೇಲೆ ಬಂದು ಬಾಯಿ ಆಡಿಸುವುದನ್ನು ಕಂಡು ಹಸಿದಿವೆ ಎಂದು ಖುಷಿಪಡುವವರಿದ್ದಾರೆ. ಅವು ಹಸಿದದ್ದಲ್ಲ, ಉಸಿರುಗಟ್ಟಿ ಒದ್ದಾಡುತ್ತಿರುವುದು. ಆ ಹೊತ್ತಿನಲ್ಲಿ ಗಾಳ ಹಾಕಿದರೆ ಸಿಗುವುದು ಕಡಿಮೆ, ಸಿಕ್ಕು ಬಿಟ್ಟದ್ದೂ ಬದುಕುವುದು ಕಡಿಮೆ.

ಈ ಎಲ್ಲ ಕಾರಣಗಳನ್ನು ಕೂಡಿಸಿದರೆ ನಮ್ಮ ಸೀಮೆಯ ಗಾಳಕ್ಕೆ ಒಂದು ಕಾಲ ತಾನಾಗಿಯೇ ಗೊತ್ತಾಗುತ್ತದೆ: ಹಸ್ತ ಮಳೆ ಕಳೆದು ನೀರು ತಿಳಿಯಾದಂದಿನಿಂದ ಹೋಳಿ ಹುಣ್ಣಿಮೆಯವರೆಗೆ. ಆಮೇಲೆ ಬೇಸಿಗೆಯ ಮಡುಗಳನ್ನೂ ಮುಂಗಾರಿನ ಹೊಸನೀರನ್ನೂ ಬಿಟ್ಟುಬಿಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಇದಕ್ಕೆ ದೊಡ್ಡ ಆಕ್ಷೇಪ ಬರುವುದು ಅನುಭವಿಗಳಿಂದಲೇ. ಮಿರಗ, ಆರಿದ್ರಾ ಮಳೆಗೆ ಹೊಸನೀರು ಬಂದಾಗ ಮೀನು ಎದುರೇರಿ ಬರುತ್ತದೆ, ಬಾಂದಾರದ ಕೆಳಗೆ ಬುಟ್ಟಿಯಲ್ಲಿ ಮೊಗೆಯುವಷ್ಟು ಸಿಗುತ್ತದೆ, ಸಿಗುವ ಕಾಲವನ್ನೇ ಬಿಟ್ಟು ಸಿಗದ ಕಾಲದಲ್ಲಿ ಕೂರು ಎನ್ನುವುದು ಎಂಥ ಸಲಹೆ ಎಂದು ಅವರು ಕೇಳುತ್ತಾರೆ. ಸುಲಭವಾಗಿ ಸಿಗುವುದು ಏಕೆಂದು ನೋಡಿ. ಹೊಟ್ಟೆ ತುಂಬ ಮೊಟ್ಟೆ ಹೊತ್ತ ಮೀನು ಅದನ್ನು ಇಡುವ ಜಾಗಕ್ಕಾಗಿ ಮೇಲೇರುತ್ತಿದೆ. ಹೊಳೆಗೆ ಅಡ್ಡ ಕಟ್ಟಿದ ಕೊಳಚಿಯ ಒಡ್ಡು, ಸಾಲು ಬಾಂದಾರಗಳು ಅದರ ದಾರಿಯನ್ನು ಈಗಾಗಲೇ ತಡೆದಿವೆ. ತಡೆದ ಗೋಡೆಯ ಬುಡದಲ್ಲಿ ಗುಂಪುಗೂಡಿದ ಮೀನನ್ನು ಎತ್ತುವುದರಲ್ಲಿ ಗಾಳಗಾರನ ಜಾಣ್ಮೆ ಏನಿದೆ? ಒಂದು ಕಿಲೋ ತೂಕದ ರೋಹು ಎರಡು ಲಕ್ಷದಷ್ಟು ಮೊಟ್ಟೆಯಿಡುತ್ತದೆ, ಒಂದನ್ನು ಹಿಡಿದರೆ ಏನಾದೀತು ಎಂದೂ ಕೇಳುವವರುಂಟು. ಲಕ್ಷ ಮೊಟ್ಟೆಯಿಡುವ ಜಾತಿಯಲ್ಲಿ ಲಕ್ಷವೂ ಬದುಕುವುದಿಲ್ಲ. ಹೊಳೆ ಬತ್ತುವುದು, ಕೆಸರು ಮುಚ್ಚುವುದು, ಬೇರೆ ಮೀನು ತಿನ್ನುವುದು ಎಲ್ಲ ಕಳೆದು ಬೆಳೆದು ನಿಲ್ಲುವುದು ಬೆರಳೆಣಿಕೆ. ಹಾಗೆ ಉಳಿದು ಬಂದ ಒಂದು ದೊಡ್ಡ ಹೆಣ್ಣುಮೀನು ಅಷ್ಟೆಲ್ಲ ನಷ್ಟವನ್ನು ದಾಟಿ ಬಂದದ್ದು.

ಬಲೆ ಹಾಕುವವರ ಮುಂದೆ ಗಾಳದವನ ಪಾಲು ಎಷ್ಟು ಎಂಬುದು ಇನ್ನೊಂದು ಆಕ್ಷೇಪ, ಮತ್ತು ಅದರಲ್ಲಿ ಸತ್ಯಾಂಶವಿದೆ. ವರ್ಷದ ಲೆಕ್ಕದಲ್ಲಿ ಗಾಳ ಹಿಡಿಯುವುದು ಅಲ್ಪ. ಆದರೆ ಹಾನಿಯನ್ನು ತೂಕದಲ್ಲಿ ಮಾತ್ರ ಅಳೆಯಲಾಗದು. ಮುರ್ಲು ಮೀನನ್ನು ನೋಡಿ, ಕೆಲವರು ಅದನ್ನು ಕೊರವ ಎನ್ನುತ್ತಾರೆ. ಮಳೆಗಾಲದಲ್ಲಿ ಅದರ ಮರಿಗಳು ಕೆಂಪನೆಯ ಗುಂಪಾಗಿ ನೀರಿನ ಮೇಲೆ ಕದಲುತ್ತಿರುತ್ತವೆ, ಕೆಳಗೆ ತಾಯಿತಂದೆ ಕಾವಲಿರುತ್ತವೆ. ಆ ಗುಂಪಿನ ನಡುವೆ ಕಪ್ಪೆಯನ್ನೋ ಸಣ್ಣ ಮೀನನ್ನೋ ಕಟ್ಟಿದ ಗಾಳ ಬಿಟ್ಟರೆ ಕಾವಲಿನ ಮೀನು ಹಸಿವಿಗಲ್ಲ, ಮರಿ ಕಾಯುವ ಸಿಟ್ಟಿಗೆ ಎರಗಿ ಸಿಕ್ಕಿಬೀಳುತ್ತದೆ. ಎತ್ತಿದ್ದು ಒಂದು ಮೀನು. ಕಾವಲು ತಪ್ಪಿದ ಮರಿಗಳನ್ನು ಗೊದ್ಲೆಯೂ ಹಕ್ಕಿಯೂ ಸಂಜೆಯೊಳಗೆ ಮುಗಿಸಬಹುದು. ಬೇಸಿಗೆಯ ಮಡುವಿನದೂ ಇದೇ ಲೆಕ್ಕ. ಏಪ್ರಿಲ್ ಮೇನಲ್ಲಿ ಹೊಳೆ ತುಂಡಾದಾಗ ಒಂದು ಮಡುವಿನಲ್ಲಿ ಉಳಿದ ಮೀನೇ ಆ ಭಾಗದ ಮುಂದಿನ ವರ್ಷದ ಬೀಜ. ನೀರು ಇಳಿದು ಮೀನು ಒತ್ತೊತ್ತಾಗಿರುವುದರಿಂದ ಆಗ ಗಾಳಕ್ಕೂ ಬೇಗ ಸಿಗುತ್ತದೆ. ಬಾಳೆ ಮೀನಿನಂಥ ದೊಡ್ಡ ಬೇಟೆಮೀನು ಈಗ ಜಾಗತಿಕವಾಗಿಯೇ ಅಪಾಯದಂಚಿನ ಜೀವಿಗಳ ಪಟ್ಟಿ ಸೇರಿದೆ. ಅದನ್ನು ಮಡುವಿನಲ್ಲಿ ಹುಡುಕಿ ಹಿಡಿಯುವುದು ಹೊಳೆಗೆ ಮಾಡುವ ಅನ್ಯಾಯ. ಹೊಳೆಯನ್ನು ನಂಬಿ ಬದುಕುವ ಅಂಬಿಗರ, ಸುಣಗಾರರ ಮನೆಗಳಿಗೆ ಮೀನು ಅನ್ನದ ಪ್ರಶ್ನೆ. ಹವ್ಯಾಸಕ್ಕೆ ಬಂದವರು ಅವರಿಗಿಂತ ಬಿಗಿಯಾದ ಕಟ್ಟುಪಾಡಿನಲ್ಲಿರುವುದು ಸರಿ. ಯಾವ ಮಡುವಿನಲ್ಲಿ ಯಾವ ತಿಂಗಳು ಏನು ಮೇಯುತ್ತದೆ ಎಂದು ಅವರಿಗೆ ಗೊತ್ತಿರುವಷ್ಟು ಇನ್ನಾರಿಗೂ ಗೊತ್ತಿಲ್ಲ, ಕಲಿಯಬೇಕಾದದ್ದೂ ಅವರಿಂದಲೇ.

ಈಗ ಕೋಲು, ಎರೆಯ ಮಾತು. ಗಾಳದ ವಿದ್ಯೆ ಈ ನೆಲಕ್ಕೆ ಹೊಸದಲ್ಲ. ಸೂಡಿ, ನರೇಗಲ್ಲು, ರೋಣಗಳನ್ನೆಲ್ಲ ಆಳಿದ ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಭಾಗವೇ ಇದೆ. ಮೀನುಶಾಸ್ತ್ರಜ್ಞ ಸುಂದರಲಾಲ್ ಹೋರಾ ಅವರು 1951ರಲ್ಲಿ ಅದರತ್ತ ವಿಜ್ಞಾನಿಗಳ ಗಮನ ಸೆಳೆದರು. ಮೂವತ್ತಕ್ಕೂ ಹೆಚ್ಚು ಬಗೆಯ ಮೀನುಗಳನ್ನು ಹೆಸರಿಸಿ, ಹುರುಪೆಯುಳ್ಳವು ಇಲ್ಲದವು ಎಂದು ವಿಂಗಡಿಸಿ, ಯಾವುದು ಎಲ್ಲಿರುತ್ತದೆ, ಯಾವುದಕ್ಕೆ ಯಾವ ಆಹಾರ ಹಿತ ಎಂಬುದನ್ನು ಅರಸು ಅಲ್ಲಿ ವಿವರಿಸುತ್ತಾನೆ. ಗಾಳದ ಕೋಲು, ಹಗ್ಗಗಳ ವಿವರವೂ ಉಂಟು. ಆದರೆ ಮೀನನ್ನು ಅರಿಯದೆ ಅವುಗಳಿಂದ ಪ್ರಯೋಜನವಿಲ್ಲ ಎಂಬುದು ಆ ಭಾಗದ ಒಟ್ಟು ಧೋರಣೆ. ಎಂಟುನೂರಕ್ಕೂ ಹೆಚ್ಚು ವರ್ಷ ಕಳೆದರೂ ಈ ಕ್ರಮ ತಪ್ಪೆಂದು ತೋರಿಸುವಂಥದ್ದು ಯಾವುದೂ ನಡೆದಿಲ್ಲ. 1946ರಲ್ಲಿ ಕಬಿನಿಯಲ್ಲಿ ವ್ಯಾನ್ ಇಂಗೆನ್ ಎಂಬವರು ಹಿಡಿದ 120 ಪೌಂಡಿನ ಮಹಸೀರ್ ಮೀನಿನ ಕಥೆ ಓದಿ ಭಾರಿ ರೀಲು ಕೊಳ್ಳುವವರಿಗೆ ನಾನು ಹೇಳುವುದು, ಅದು ಕಬಿನಿಯ ಸೆಳವಿನ ನೀರಿಗೆ, ಆ ಮೀನಿಗೆ ತಕ್ಕ ಸಲಕರಣೆ. ನಮ್ಮ ಕೆರೆಯ ಒಂದೆರಡು ಕಿಲೋದ ಗೆಂಡೆಗೆ ಹತ್ತು ಅಡಿಯ ಬಿದಿರು, ತೆಳುವಾದ ತಂಗೂಸಿ ದಾರ, ಸಣ್ಣ ಗಾಳ, ಒಂದು ಬೆಂಡು, ಕಾಳಿನಷ್ಟು ಸೀಸ ಸಾಕು. ಎರೆಗೆ ಅಂಗಡಿಗೆ ಹೋಗಬೇಕಾಗಿಲ್ಲ. ಶೇಂಗಾ ಹಿಂಡಿಯನ್ನು ನೆನೆಸಿ ಜೋಳದ ಹಿಟ್ಟಿನೊಡನೆ ಗಟ್ಟಿಯಾಗಿ ನಾದಿದ ಉಂಡೆ ಗೆಂಡೆಗಳಿಗೆ ಒಳ್ಳೆಯದು. ಹಿಂಡಿಯ ಎಣ್ಣೆ, ವಾಸನೆ ನೀರಿನಲ್ಲಿ ಹರಡುತ್ತದೆ, ಜೋಳದ ಹಿಟ್ಟಿಗೆ ಅಂಟು ಸಾಲದಿದ್ದರೆ ಸ್ವಲ್ಪ ಗೋಧಿ ಹಿಟ್ಟು ಬೆರೆಸಬಹುದು. ಕೂರುವ ಜಾಗಕ್ಕೆ ಮೊದಲೇ ಒಂದು ಹಿಡಿ ಹಾಕಿ ಮೀನನ್ನು ರೂಢಿಗೆ ತರುವುದು ಸೋಮೇಶ್ವರನ ಕಾಲದಿಂದಲೂ ಬಂದ ಪದ್ಧತಿ. ಹಿಡಿಗಿಂತ ಹೆಚ್ಚು ಬೇಡ, ಉಳಿದದ್ದು ಕೊಳೆತು ಕೆರೆಯ ಪ್ರಾಣವಾಯುವನ್ನೇ ತಿನ್ನುತ್ತದೆ.

ಕಡೆಗೆ ಒಂದು ಗಂಭೀರವಾದ ಆಕ್ಷೇಪ. ಹೊಟ್ಟೆಗಾಗಿ ಹಿಡಿಯುವುದನ್ನು ಒಪ್ಪಬಹುದು, ವಿನೋದಕ್ಕಾಗಿ ಜೀವವನ್ನು ನೋಯಿಸುವುದು ಹಿಂಸೆಯಲ್ಲವೇ ಎಂದು ಈ ಶರಣರ ನಾಡಿನಲ್ಲಿ ಯಾರಾದರೂ ಕೇಳಿದರೆ ಆ ಪ್ರಶ್ನೆಯನ್ನು ಹಗುರಾಗಿ ತಳ್ಳಿಹಾಕುವ ಹಕ್ಕು ಗಾಳಗಾರನಿಗಿಲ್ಲ. ಹಿಡಿದು ಬಿಟ್ಟರೆ ಹಿಂಸೆಯೇ ಇಲ್ಲ ಎಂಬ ಪೇಟೆಯ ವಾದವನ್ನು ನಾನು ಪೂರ್ತಿ ಒಪ್ಪಲಾರೆ. ಒಣಗೈಯಲ್ಲಿ ಹಿಡಿದರೆ ಮೀನಿನ ಮೈಯ ಲೋಳೆ ಕಿತ್ತು ರೋಗ ಹತ್ತುತ್ತದೆ, ಫೋಟೋಕ್ಕಾಗಿ ಬಿಸಿಲಿನಲ್ಲಿ ಹಿಡಿದು ನಿಂತಷ್ಟು ಹೊತ್ತೂ ಕಿವಿರು ಒಣಗುತ್ತದೆ. ಮನೆಗೆ ಬೇಕಾದ ಒಂದೆರಡನ್ನು ಹಿಡಿದು, ಕೂಡಲೇ ನೋವಿಲ್ಲದಂತೆ ಮುಗಿಸಿ, ಅಲ್ಲಿಗೆ ದಾರ ಸುತ್ತಿಕೊಳ್ಳುವುದು ಇದಕ್ಕಿಂತ ಮೇಲು. ಸಣ್ಣದು ಬಂದರೆ ಕೈ ಒದ್ದೆ ಮಾಡಿಕೊಂಡು, ನೀರಿನ ಅಂಚಿನಲ್ಲಿಯೇ ಗಾಳ ಬಿಡಿಸಿ ಬಿಡಬೇಕು. ಮುಳ್ಳು ಮಡಚಿದ ಗಾಳವಾದರೆ ಇದು ಕ್ಷಣದ ಕೆಲಸ. ಆಫ್ರಿಕದ ಕ್ಯಾಟ್‌ಫಿಶ್ ಸಿಕ್ಕರೆ ಮಾತ್ರ ಮರಳಿ ಬಿಡಕೂಡದು. ಸಾಕುವುದನ್ನೇ ಸರಕಾರ ನಿಷೇಧಿಸಿರುವ ಆ ಮೀನು ಸಿಕ್ಕಿದ್ದನ್ನೆಲ್ಲ ತಿಂದು ನಮ್ಮ ಗೊದ್ಲೆ, ಚೇಳು ಮೀನುಗಳ ಜಾಗ ಕಸಿಯುತ್ತದೆ. 1952ರಲ್ಲಿ ದೇಶಕ್ಕೆ ತಂದ ತಿಲಾಪಿಯಾ, ಜನ ಜಿಲೇಬಿ ಎಂದು ಕರೆಯುವ ಮೀನು, ಕೆರೆಯಲ್ಲಿಯೇ ಮೇಲಿಂದ ಮೇಲೆ ಮರಿಮಾಡಿ ತುಂಬಿಕೊಳ್ಳುತ್ತದೆ. ಹೊಸಬರು ಕೈ ಪಳಗಿಸಿಕೊಳ್ಳಲು, ಮನಸಾರೆ ಹಿಡಿದು ಮನೆಗೆ ಒಯ್ಯಲು ಅದರಷ್ಟು ಒಳ್ಳೆಯ ಮೀನು ಬೇರೆ ಇಲ್ಲ. ಬೆಣ್ಣೆಹಳ್ಳದ ಮೀನನ್ನು ಬೇಸಿಗೆಯಲ್ಲಿ ತಿನ್ನುವ ಮುನ್ನ ಯೋಚಿಸಿ, ಹುಬ್ಬಳ್ಳಿಯ ಚರಂಡಿ ನೀರೂ ಆ ಹಳ್ಳಕ್ಕೆ ಸೇರುತ್ತದೆ, ಹೊಸ ಹರಿವಿಲ್ಲದ ತಿಂಗಳುಗಳಲ್ಲಿ ಅದರ ಪಾಲೇ ಹೆಚ್ಚಾಗುತ್ತದೆ. ಹರಿದ ತಂಗೂಸಿ ದಾರವನ್ನು ದಂಡೆಯಲ್ಲಿ ಬಿಡಬೇಡಿ, ಅದು ಕೊಳೆಯುವುದಿಲ್ಲ, ಕೊಕ್ಕರೆಯ ಕಾಲಿಗೆ ಸುತ್ತಿಕೊಳ್ಳುತ್ತದೆ. ದಾರದ ಜೊತೆ ಒಂದು ಸಣ್ಣ ವಹಿಯೂ ಚೀಲದಲ್ಲಿರಲಿ. ಯಾವ ಮಳೆಗೆ ಹೊಳೆ ಕೆಂಪಾಯಿತು, ಎಂದು ತಿಳಿಯಾಯಿತು, ಗಾಳಿ ಯಾವ ದಿಕ್ಕಿನದು, ಯಾವ ಎರೆಗೆ ಯಾವ ಮೀನು ಬಂತು ಎಂದು ಬರೆದಿಟ್ಟುಕೊಳ್ಳಿ. ಬರಿಗೈಯಲ್ಲಿ ಎದ್ದ ದಿನದ್ದನ್ನೂ ಬರೆಯಿರಿ. ಎರಡು ಮೂರು ವರ್ಷದ ಅಂಥ ಬರಹವನ್ನು ನಿಮ್ಮೂರಿನ ಮೀನುಗಾರರ ಮುಂದೆ ಓದಿದರೆ ಅವರು ತಿದ್ದುತ್ತಾರೆ, ಅವರ ತಿದ್ದುಪಡಿಯನ್ನು ಅದೇ ಪುಟದ ಅಂಚಿನಲ್ಲಿ ಸೇರಿಸಿಕೊಳ್ಳಿ.